ಸ್ಟ್ರೋಕ್ ಆದಮೇಲೆ ಮಾಡುವ ಹತ್ತು ನಿಮಿಷದ ಪರೀಕ್ಷೆಗಳು: ಯಾವುದು ನಮ್ಮವರಿಗೆ ಸರಿ?

ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಓದಿದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಸ್ಟ್ರೋಕ್ ಆದವರು. ಮಂಡ್ಯ, ನಂಜನಗೂಡು, ಹುಣಸೂರು, ಚಾಮರಾಜನಗರದ ಕಡೆಯಿಂದ ಬರುತ್ತಾರೆ. ಮನೆಯವರು ಮೊದಲು ಕೇಳುವುದು ಕಾಲಿನ ಬಗ್ಗೆ. ಆಮೇಲೆ ಕೈ, ಆಮೇಲೆ ಮಾತು. ನೆನಪು ಹೇಗಿದೆ, ಲೆಕ್ಕ ಬರುತ್ತಾ, ಒಂದು ಕೆಲಸಕ್ಕೆ ಕೂತರೆ ಮುಗಿಸುತ್ತಾರಾ ಅನ್ನುವುದು ಮನೆಗೆ ಹೋದ ಮೇಲೆ ತಲೆನೋವಾಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೊರಡಿಸಿದ ಹೇಳಿಕೆಯ ಪ್ರಕಾರ, ಸ್ಟ್ರೋಕ್ ಆದ ಮೊದಲ ವರ್ಷದಲ್ಲಿ ನೂರಕ್ಕೆ 60 ಜನರವರೆಗೂ ನೆನಪು, ಗಮನ, ಯೋಚನೆಯಲ್ಲಿ ಏನಾದರೊಂದು ತೊಂದರೆ ಇರುತ್ತದೆ. ಇದನ್ನು ಬೇಗ ಪತ್ತೆ ಹಚ್ಚೋಕೆ ಚಿಕ್ಕ ಚಿಕ್ಕ ಪರೀಕ್ಷೆಗಳಿವೆ. ಒಂದೆರಡು ಹಾಳೆ, ಒಂದು ಪೆನ್ಸಿಲ್, ಹತ್ತು ಹದಿನೈದು ನಿಮಿಷ.

ಆ ಹಾಳೆಗಳಲ್ಲಿ ಯಾವುದು ಸ್ಟ್ರೋಕ್ ಆದವರಿಗೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ಟ್ರೋಕ್‌ಗೆ ಅಂತಲೇ ಯೋಚಿಸಿ ಮಾಡಿದ ಪರೀಕ್ಷೆ ಆಕ್ಸ್‌ಫರ್ಡ್ ಕಾಗ್ನಿಟಿವ್ ಸ್ಕ್ರೀನ್. ರಚನೆಯಲ್ಲಿ ಅದನ್ನು ಮೀರಿಸುವಂಥದ್ದು ನನಗೆ ಕಾಣುವುದಿಲ್ಲ. ಕನ್ನಡದಲ್ಲಿ ಕೂತು ಮಾಡೋಕೆ, ಓದು ಬರಹ ಬಲ್ಲವರಾದರೆ ಎಸಿಇ-3 ಅನ್ನುವ ಪರೀಕ್ಷೆ. ಶಾಲೆಗೆ ಹೋಗದವರಾದರೆ ರುಡಾಸ್ ಅನ್ನುವುದು. ಎಂಎಂಎಸ್‌ಇ (ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್) ಒಂದನ್ನೇ ಮಾಡಿ 'ನಾರ್ಮಲ್' ಅಂತ ಬರೆದರೆ ಅದನ್ನು ನಾನು ನಂಬುವುದಿಲ್ಲ. ಪರೀಕ್ಷೆಗಳ ಒಳಗಿನ ಪ್ರಶ್ನೆಗಳನ್ನು ಮಾತ್ರ ಇಲ್ಲಿ ಹಾಗೇ ಬರೆಯುವುದಿಲ್ಲ. ಮೊದಲೇ ಓದಿಕೊಂಡು ಬಂದರೆ ಪರೀಕ್ಷೆ ಕೆಡುತ್ತದೆ, ನಷ್ಟ ಆಗುವುದು ರೋಗಿಗೇ.

ಎಂಎಂಎಸ್‌ಇಯಿಂದ ಶುರು ಮಾಡೋಣ. ಯಾಕೆಂದರೆ ಡಿಸ್ಚಾರ್ಜ್ ಸಮ್ಮರಿಗಳಲ್ಲಿ ನನಗೆ ಹೆಚ್ಚಾಗಿ ಸಿಗುವುದು ಇದೇ. 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೈನ್ ದಂಪತಿ ಮತ್ತು ಮ್ಯಾಕ್‌ಹ್ಯೂ ಇದನ್ನು ಪ್ರಕಟಿಸಿದರು. ಮನೋರೋಗ ವಾರ್ಡಿನ ರೋಗಿಗಳನ್ನು ನೋಡಲು ಹುಟ್ಟಿದ ಪರೀಕ್ಷೆ. ಒಟ್ಟು 30 ಅಂಕ. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ತೊಂದರೆ ಅನ್ನುತ್ತಾರೆ. ತಾರೀಖು, ಊರು, ಕೆಲವು ಪದಗಳ ನೆನಪು, ಸ್ವಲ್ಪ ಲೆಕ್ಕ, ಸ್ವಲ್ಪ ಓದು ಬರಹ, ಒಂದು ಚಿತ್ರ ನೋಡಿ ಬರೆಯುವುದು. ಅಷ್ಟೇ. ಒಂದು ಕೆಲಸವನ್ನು ಹಂತ ಹಂತವಾಗಿ ಯೋಜನೆ ಮಾಡುವುದು, ಎರಡು ವಿಷಯದ ನಡುವೆ ಗಮನ ಬದಲಿಸುವುದು, ಯೋಚನೆಯ ವೇಗ, ಇವುಗಳನ್ನು ಅದು ಮುಟ್ಟುವುದೇ ಇಲ್ಲ. ಸ್ಟ್ರೋಕ್ ಹೆಚ್ಚಾಗಿ ಕಿತ್ತುಕೊಳ್ಳುವುದು ಇವನ್ನೇ. ಮೆದುಳಿನ ಒಳಗಿನ ಸಣ್ಣ ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್‌ನಲ್ಲಂತೂ ಎಷ್ಟೋ ಸಲ ನೆನಪು ಚೆನ್ನಾಗಿಯೇ ಇರುತ್ತದೆ, ಕೆಲಸ ಮಾತ್ರ ಮುಂದೆ ಹೋಗುವುದಿಲ್ಲ.

ಶ್ರೀರಂಗಪಟ್ಟಣದ ಹತ್ತಿರದ ಒಂದು ಹಳ್ಳಿಯಿಂದ ಬಂದ ಕಿರಾಣಿ ಅಂಗಡಿಯವರು ನೆನಪಾಗುತ್ತಾರೆ. ಬಲಗಡೆ ಮೆದುಳಿಗೆ ಸ್ಟ್ರೋಕ್ ಆಗಿತ್ತು. ಮಾತು ಸ್ಪಷ್ಟ, ಎಡಗೈ ಸ್ವಲ್ಪ ದುರ್ಬಲ. ಆಸ್ಪತ್ರೆಯ ಹಾಳೆಯಲ್ಲಿ 'ಎಂಎಂಎಸ್‌ಇ 28, ಕಾಗ್ನಿಷನ್ ನಾರ್ಮಲ್' ಅಂತ ಬರೆದಿತ್ತು, ಅಂದರೆ ನೆನಪು, ಗಮನ, ಯೋಚನೆ ಎಲ್ಲ ಸರಿ ಇದೆ ಅಂತ. ಹೆಂಡತಿ ಹೇಳಿದ್ದು ಬೇರೆ. "ಮೇಡಂ, ನಮ್ಮೆಜಮಾನ್ರು ಚಿಲ್ಲರೆ ತಪ್ಪು ಕೊಡ್ತಾರೆ. ಸಾಲದ ಪುಸ್ತಕದಲ್ಲಿ ಅರ್ಧಂಬರ್ಧ ಬರೀತಾರೆ. ಮೊನ್ನೆ ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತು, ಉಪ್ಪು ಹಾಕಿಲ್ಲ ಕೋಸಂಬರಿ ಬಡಿಸಿಲ್ಲ ಅಂತ ಜಗಳ ಮಾಡಿದ್ರು." ಉಪ್ಪು, ಕೋಸಂಬರಿ ಎಲೆಯ ಎಡಗಡೆಯಲ್ಲೇ ಇದ್ದವು. ಅವರಿಗೆ ಎಡಗಡೆ ಅನ್ನುವುದೇ ಇರಲಿಲ್ಲ. ಕಣ್ಣಿನ ದೋಷ ಅಲ್ಲ ಇದು. ಮೆದುಳು ಆ ಕಡೆಗೆ ಗಮನ ಕೊಡುವುದನ್ನೇ ನಿಲ್ಲಿಸಿರುತ್ತದೆ. ನಾವು ಇದಕ್ಕೆ ನೆಗ್ಲೆಕ್ಟ್ ಅನ್ನುತ್ತೇವೆ.

ಗೆರೆ ಎಳೆದ ಹಾಳೆ ಕೊಟ್ಟು ಅಂಗಡಿ ಸಾಮಾನಿನ ಪಟ್ಟಿ ಬರೆಯಿರಿ ಅಂದೆ. ಹಾಳೆಯ ನಡುವಿನಿಂದ ಶುರು ಮಾಡಿದರು. ಪ್ರತಿ ಸಾಲು ಇನ್ನಷ್ಟು ಬಲಕ್ಕೆ ಸರಿಯುತ್ತಾ ಹೋಯಿತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ 'ಬೆಲ್ಲ' ಅನ್ನುವ ಎರಡಕ್ಷರ ಬಲ ಅಂಚಿನಲ್ಲಿ ಇಕ್ಕಟ್ಟಾಗಿ ಕೂತಿತ್ತು. ಎಡಗಡೆ ಪೂರ್ತಿ ಖಾಲಿ. ಪತ್ರಿಕೆಯ ತಲೆಬರಹ ಓದಿ ಅಂದರೆ ಬಲಭಾಗದ ಎರಡು ಪದ ಓದಿ ಸುಮ್ಮನಾದರು. ಇಷ್ಟಿದ್ದೂ 30ಕ್ಕೆ 28. ಲೆಕ್ಕ ಹಾಕಿದವರು ತಪ್ಪು ಮಾಡಿರಲಿಲ್ಲ. ಆ ಪರೀಕ್ಷೆಯಲ್ಲಿ ನೆಗ್ಲೆಕ್ಟ್ ಹುಡುಕುವ ಪ್ರಶ್ನೆಯೇ ಇಲ್ಲ, ಅಷ್ಟೇ. ಇದಕ್ಕೆ ಕಾಪಿರೈಟ್ ಬೇರೆ ಇದೆ, ನಿಯಮದ ಪ್ರಕಾರ ಹಾಳೆಗಳನ್ನು ದುಡ್ಡು ಕೊಟ್ಟೇ ತಗೊಳ್ಳಬೇಕು. ಸ್ಟ್ರೋಕ್ ಆದವರಿಗೆ ಎಂಎಂಎಸ್‌ಇಗಾಗಿ ಖರ್ಚು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಮುಂದಿನದು ಮೋಕಾ. ಮಾಂಟ್ರಿಯಲ್ ಕಾಗ್ನಿಟಿವ್ ಅಸೆಸ್‌ಮೆಂಟ್. ಕೆನಡಾದ ಜಿಯಾದ್ ನಸ್ರೆದ್ದೀನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ್ದು. ಇದೂ 30 ಅಂಕದ್ದೇ, ಹತ್ತು ನಿಮಿಷದ್ದು. ಆದರೆ ಒಳಗಿನ ಸರಕು ಬೇರೆ. ಯೋಜನೆ ಮಾಡುವುದು, ಗಮನ ಬದಲಿಸುವುದು, ಗಡಿಯಾರ ಬಿಡಿಸುವುದು, ಒಂದು ನಿಮಿಷದಲ್ಲಿ ಎಷ್ಟು ಪದ ಹೇಳುತ್ತೀರಿ ಅನ್ನುವುದು, ಸ್ವಲ್ಪ ಹೊತ್ತಾದ ಮೇಲೆ ಪದಗಳನ್ನು ನೆನಪು ಮಾಡಿಕೊಳ್ಳುವುದು, ಎಲ್ಲ ಇದೆ. ಸಣ್ಣ ತೊಂದರೆಯೂ ಇದರ ಬಲೆಗೆ ಬೀಳುತ್ತದೆ. ಬ್ಯಾಂಕಿನವರು, ಮೇಷ್ಟ್ರು, ಎಂಜಿನಿಯರು, ಇಂಥವರಿಗೆ ಸಣ್ಣ ಸ್ಟ್ರೋಕ್ ಆಗಿ 'ಎಲ್ಲ ಸರಿ ಇದೆ, ಆದರೂ ಮೊದಲಿನ ಹಾಗೆ ಕೆಲಸ ಆಗ್ತಿಲ್ಲ' ಅಂದರೆ ನಾನು ಮೋಕಾ ತೆಗೆಯುತ್ತೇನೆ. ಅದರ ಮೂರು ಬೇರೆ ಬೇರೆ ರೂಪಗಳಿವೆ. ಮತ್ತೆ ಮಾಡುವಾಗ ಹಳೇ ಪದಗಳು ಬಾಯಿಪಾಠ ಆಗಿರುವ ಚಿಂತೆ ಇಲ್ಲ. ಇದು ದೊಡ್ಡ ಅನುಕೂಲ.

ಕಷ್ಟ ಇರುವುದು ಗಡಿ ಅಂಕದಲ್ಲಿ. ಮೂಲದಲ್ಲಿ 26 ಮತ್ತು ಅದಕ್ಕಿಂತ ಮೇಲೆ ಬಂದರೆ ನಾರ್ಮಲ್. ಓದಿದ್ದು 12 ವರ್ಷ ಅಥವಾ ಕಡಿಮೆ ಇದ್ದರೆ ಒಂದು ಅಂಕ ಸೇರಿಸಿ ಅನ್ನುತ್ತದೆ. ಒಂದು ಅಂಕ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಜೀವನಪೂರ್ತಿ ಕಬ್ಬು ಬೆಳೆದವರಿಗೂ, ಪಿಯುಸಿ ಮುಗಿಸಿ ಗುಮಾಸ್ತರಾದವರಿಗೂ ಅದೇ ಒಂದು ಅಂಕ. ಇದು ನ್ಯಾಯ ಅಲ್ಲ. ಸ್ಟ್ರೋಕ್ ಆದವರ ಮೇಲೆ ಮಾಡಿದ ಅಧ್ಯಯನಗಳನ್ನೆಲ್ಲ 2014ರಲ್ಲಿ ಒಟ್ಟು ಹಾಕಿ ನೋಡಿದಾಗ, 26ರ ಗಡಿ ಇಟ್ಟರೆ ತೊಂದರೆ ಇರುವ ನೂರು ಜನರಲ್ಲಿ 95 ಜನ ಸಿಕ್ಕಿಬೀಳುತ್ತಾರೆ. ಆದರೆ ತೊಂದರೆ ಇಲ್ಲದ ನೂರು ಜನರಲ್ಲಿ 45 ಜನರನ್ನು ಮಾತ್ರ ಸರಿ ಇದ್ದಾರೆ ಅನ್ನುತ್ತದೆ. ಉಳಿದವರಿಗೆ ಸುಮ್ನೆ ಗಾಬರಿ. ಗಡಿಯನ್ನು 22ಕ್ಕೆ ಇಳಿಸಿದರೆ ಈ ಲೆಕ್ಕ 84 ಮತ್ತು 78 ಆಗುತ್ತದೆ. ಹಾಗಾಗಿ ವರದಿಯಲ್ಲಿ 'ಮೋಕಾ 24, ಅಬ್‌ನಾರ್ಮಲ್' ಅಂತ ನೋಡಿ ಮನೆಮಂದಿಯೆಲ್ಲ ಅಳುತ್ತಾ ಕೂತರೆ ನಾನು ಮೊದಲು ಕೇಳುವುದು, ಎಷ್ಟು ಓದಿದ್ದಾರೆ, ಯಾವ ಭಾಷೆಯಲ್ಲಿ ಮಾಡಿದರು, ಎಲ್ಲಿ ಅಂಕ ಹೋಯಿತು ಅಂತ.

ಇನ್ನೊಂದು ಮಾತು. ಮೋಕಾ ಮಾಡುವವರು ಈಗ ದುಡ್ಡು ಕಟ್ಟಿ ತರಬೇತಿ ಪಡೆದು ಪ್ರಮಾಣಪತ್ರ ತಗೊಳ್ಳಬೇಕು. ತರಬೇತಿ ಒಳ್ಳೆಯದೇ. ಅಂಕ ಕೊಡುವುದರಲ್ಲಿ ಒಬ್ಬೊಬ್ಬರು ಒಂದೊಂದು ಥರ ಮಾಡುವುದನ್ನು ನಾನೂ ನೋಡಿದ್ದೇನೆ. ಆದರೆ ತಾಲ್ಲೂಕು ಆಸ್ಪತ್ರೆಯ ಒಬ್ಬ ಫಿಸಿಯೋಥೆರಪಿಸ್ಟ್ ತನ್ನ ಸಂಬಳದಲ್ಲಿ ಇದನ್ನು ಮಾಡಿಕೊಳ್ಳಬೇಕು ಅಂದರೆ ಹೇಗೆ ಅಲ್ವಾ?

ಈಗ ನನ್ನ ಸ್ವಂತ ಕ್ಷೇತ್ರದ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ತುಂಬಾ ಕಳಕಳಿ ಇದೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಅಫೇಸಿಯಾ ಬರುತ್ತದೆ. ಅಂದರೆ ಹೇಳಬೇಕಾದ ಪದ ಬಾಯಿಗೆ ಬರುವುದಿಲ್ಲ, ಅಥವಾ ಬೇರೆಯವರು ಹೇಳಿದ್ದು ಅರ್ಥವಾಗುವುದಿಲ್ಲ, ಓದು ಬರಹವೂ ಕೆಡುತ್ತದೆ. ಇಂಥವರಿಗೆ ಎಂಎಂಎಸ್‌ಇ, ಮೋಕಾ ಮಾಡಿದರೆ ಅಂಕ ನೆಲ ಕಚ್ಚುತ್ತದೆ. ಯಾಕೆ? ಪ್ರಶ್ನೆ ಮಾತಿನಲ್ಲಿದೆ, ಉತ್ತರವೂ ಮಾತಿನಲ್ಲೇ ಬರಬೇಕು. ಜೊತೆಗೆ ಎಷ್ಟೋ ಜನರಿಗೆ ಬಲಗೈಗೂ ಶಕ್ತಿ ಇರುವುದಿಲ್ಲ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಘನದ (ಚೌಕ ಪೆಟ್ಟಿಗೆಯ) ಚಿತ್ರ ಬಿಡಿಸು ಅಂದರೆ ಆರೋಗ್ಯವಾಗಿರುವ ನನಗೂ ಸರಿಯಾಗಿ ಬರುವುದಿಲ್ಲ. 'ಮೋಕಾ 6' ಅಂತ ಬರೆದಿದ್ದ ಒಬ್ಬ ಅಮ್ಮ ನನ್ನ ಹತ್ತಿರ ಬಂದಿದ್ದರು. ಒಂದು ಪದ ಆಡುತ್ತಿರಲಿಲ್ಲ. ಆದರೆ ಮಗಳು ಆಟೋದವನಿಗೆ ಜಾಸ್ತಿ ದುಡ್ಡು ಕೊಟ್ಟಳು ಅಂತ ಗೊತ್ತಾಗಿ, ಬೆರಳಲ್ಲಿ ಎಣಿಸಿ ತೋರಿಸಿ, ಚಿಲ್ಲರೆ ವಾಪಸ್ ತಗೊಂಡು ಬಾ ಅಂತ ಸನ್ನೆ ಮಾಡಿ ಕಳಿಸಿದರು. ಅವರ ಬುದ್ಧಿಗೆ ಏನೂ ಆಗಿರಲಿಲ್ಲ. ಮಾತಿನ ದಾರಿ ಮುಚ್ಚಿತ್ತು. ಅಫೇಸಿಯಾ ಇರುವವರಿಗೆ ಮೊದಲು ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದಂಥ ಭಾಷಾ ಪರೀಕ್ಷೆ ಆಗಬೇಕು. ಬೇರೆ ಹಾಳೆಗಳು ಆಮೇಲೆ.

ಆಕ್ಸ್‌ಫರ್ಡ್ ಕಾಗ್ನಿಟಿವ್ ಸ್ಕ್ರೀನ್ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ನೆಲೆ ಡೆಮೆಯರೆ, ಗ್ಲಿನ್ ಹಂಫ್ರೀಸ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ್ದು. ಶುರುವಿನಿಂದಲೇ ಅಫೇಸಿಯಾ ಇರುವವರನ್ನೂ ನೆಗ್ಲೆಕ್ಟ್ ಇರುವವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದಾರೆ. ಹಲವು ಕಡೆ ಬಾಯಲ್ಲಿ ಹೇಳಲಾಗದಿದ್ದರೆ ಆಯ್ಕೆಗಳನ್ನು ತೋರಿಸುತ್ತಾರೆ, ಬೆರಳು ಇಟ್ಟು ತೋರಿಸಿದರೆ ಸಾಕು. ಆಯ್ಕೆಗಳನ್ನು ಅಡ್ಡಡ್ಡ ಜೋಡಿಸಿಲ್ಲ. ಒಂದರ ಕೆಳಗೊಂದು, ಹಾಳೆಯ ನಡುವೆ ಇಟ್ಟಿದ್ದಾರೆ. ಎಡಗಡೆ ಕಾಣದವರೂ ಎಲ್ಲ ಆಯ್ಕೆ ನೋಡಬಹುದು. ಇಷ್ಟು ಸಣ್ಣ ವಿಷಯ, ಆದರೆ ಇದನ್ನು ಯೋಚಿಸಿದವರು ರೋಗಿಯ ಪಕ್ಕದಲ್ಲಿ ಕೂತು ನೋಡಿದವರೇ ಇರಬೇಕು. ಕೈ ಚಲನೆ ಅನುಕರಿಸುವುದಕ್ಕೆ ಒಂದು ಒಳ್ಳೆಯ ಕೈ ಇದ್ದರೆ ಸಾಕು. ಗಮನ ಬದಲಿಸುವ ಪರೀಕ್ಷೆಯಲ್ಲಿ ಅಕ್ಷರ ಇಲ್ಲ, ಆಕಾರಗಳಿವೆ.

ಅದರಲ್ಲಿ ಹೃದಯದ ಚಿತ್ರಗಳ ಒಂದು ಹಾಳೆ ಇದೆ. ಕೆಲವು ಪೂರ್ತಿ ಹೃದಯ, ಕೆಲವಕ್ಕೆ ಎಡಗಡೆ ಸ್ವಲ್ಪ ಗೆರೆ ಬಿಟ್ಟಿದೆ, ಕೆಲವಕ್ಕೆ ಬಲಗಡೆ. ಪೂರ್ತಿ ಇರುವುದನ್ನು ಮಾತ್ರ ಹೊಡೆದು ಹಾಕಬೇಕು. ಹಾಳೆಯ ಎಡಭಾಗವನ್ನೇ ಮುಟ್ಟದವರು ಒಂದು ಬಗೆ. ಹಾಳೆಯೆಲ್ಲ ಓಡಾಡಿ, ಎಡಗಡೆ ಗೆರೆ ಬಿಟ್ಟ ಹೃದಯವನ್ನೂ ಪೂರ್ತಿ ಅಂದುಕೊಂಡು ಹೊಡೆಯುವವರು ಇನ್ನೊಂದು ಬಗೆ. ಎರಡೂ ನೆಗ್ಲೆಕ್ಟೇ, ಆದರೆ ಬೇರೆ ಬೇರೆ. ಮೊದಲನೆಯವರಿಗೆ ಹಾಳೆಯ ಎಡ ಅಂಚಿಗೆ ಕೆಂಪು ಗೆರೆ ಎಳೆದು ಅಲ್ಲಿಂದ ಶುರು ಮಾಡಿಸಬಹುದು. ಎರಡನೆಯವರಿಗೆ ಆ ಉಪಾಯ ಸಾಲುವುದಿಲ್ಲ, ಪ್ರತಿ ವಸ್ತುವಿನ ಎಡಗಡೆಯನ್ನು ಹುಡುಕುವುದನ್ನು ಕಲಿಸಬೇಕು. ಒಂದು ಹಾಳೆ ಥೆರಪಿಯ ದಿಕ್ಕನ್ನೇ ತೋರಿಸುತ್ತದೆ.

ಕೊನೆಗೆ ಇದು ಒಟ್ಟು ಅಂಕ ಕೊಡುವುದಿಲ್ಲ. ಭಾಷೆ, ನೆನಪು, ಗಮನ, ಅಂಕಿ ಲೆಕ್ಕ, ಕೈ ಚಲನೆ, ಹೀಗೆ ಐದು ಭಾಗ ಮಾಡಿ ಒಂದು ಚಕ್ರದ ಚಿತ್ರದಲ್ಲಿ ಯಾವ ಭಾಗ ಕೆಟ್ಟಿದೆ, ಯಾವುದು ಉಳಿದಿದೆ ಅಂತ ತೋರಿಸುತ್ತದೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಟ್ಟು ಎಷ್ಟು ಅಂತ ಮಾತ್ರ ನೋಡಿದರೆ ಮಗು ಗಣಿತದಲ್ಲಿ ಫೇಲಾಗಿದೆಯೋ ಕನ್ನಡದಲ್ಲೋ ಗೊತ್ತಾಗುವುದಿಲ್ಲವಲ್ಲ, ಹಾಗೆ. ಆ ಚಕ್ರ ತೋರಿಸಿದರೆ ಮನೆಯವರಿಗೆ ತಕ್ಷಣ ಅರ್ಥವಾಗುತ್ತದೆ. "ಓಹೋ, ಅಪ್ಪನ ನೆನಪು ಸರಿ ಇದೆ, ಲೆಕ್ಕ ಮಾತ್ರ ಹೋಗಿದೆ" ಅಂತ ಅವರೇ ಹೇಳುತ್ತಾರೆ.

ಕೊರತೆಯೂ ಇದೆ. ತುಂಬಾ ಸೂಕ್ಷ್ಮವಾದ ತೊಂದರೆ ಇದರಲ್ಲಿ ತಪ್ಪಿಸಿಕೊಳ್ಳುತ್ತದೆ. ಓದಿದವರು, ಸಣ್ಣ ಸ್ಟ್ರೋಕ್ ಆದವರು ಎಲ್ಲ ಭಾಗದಲ್ಲೂ ಪಾಸಾಗಿ ಆಫೀಸಿನಲ್ಲಿ ಒದ್ದಾಡಬಹುದು. ವಾಕ್ಯ ಓದುವ ಭಾಗ, ಅಂಕಿ ಬರೆಯುವ ಭಾಗ ಓದು ಬರಹ ಬಲ್ಲವರಿಗೇ. ಬಳಸಲು ಪರವಾನಗಿ ಕೇಳಿ ತಗೊಳ್ಳಬೇಕು. ಇಂಗ್ಲಿಷ್ ಹಾಳೆಯನ್ನು ಕೂತಲ್ಲೇ ಕನ್ನಡಕ್ಕೆ ತಿರುಗಿಸಿ, ಅಲ್ಲಿನ ಗಡಿ ಅಂಕವನ್ನು ಇಲ್ಲಿಗೆ ತಂದು ಹಾಕುವುದು ತಪ್ಪು. ನಾನು ಅದರ ಅಂಕವನ್ನು ವರದಿಯಲ್ಲಿ ಬರೆಯುವುದಿಲ್ಲ. ನೋಡಿದ್ದನ್ನು ಮಾತಿನಲ್ಲಿ ಬರೆಯುತ್ತೇನೆ.

ಅಂಕ ಬೇಕೇ ಬೇಕು ಅಂದರೆ ಎಸಿಇ-3. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ಆಡೆನ್‌ಬ್ರೂಕ್ಸ್ ಆಸ್ಪತ್ರೆಯ ಹೆಸರಿನದು. 100 ಅಂಕ. ಗಮನಕ್ಕೆ 18, ನೆನಪಿಗೆ 26, ಸರಾಗವಾಗಿ ಪದ ಹೇಳುವುದಕ್ಕೆ 14, ಭಾಷೆಗೆ 26, ಕಣ್ಣಳತೆ ಮತ್ತು ಚಿತ್ರಕ್ಕೆ 16. ಹದಿನೈದು ಇಪ್ಪತ್ತು ನಿಮಿಷ ಬೇಕು. ದುಡ್ಡು ಕೊಡಬೇಕಾಗಿಲ್ಲ. ಭಾಗವಾರು ಅಂಕ ಸಿಗುವುದರಿಂದ ಒಟ್ಟು ಅಂಕದ ಹಿಂದೆ ಏನಿದೆ ಅಂತ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ನಮ್ಮವರಿಗಾಗಿ ಕೂತು ಮಾಡಿದ ಕನ್ನಡ ರೂಪ ಇದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ನ್ಯೂರೋ ಕಾಗ್ನಿಟಿವ್ ಟೂಲ್ ಬಾಕ್ಸ್ ಅಂತ ಒಂದು ಪರೀಕ್ಷೆಗಳ ಗುಚ್ಛ ಇದೆ. ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ, ಈ ಐದು ಭಾಷೆಯಲ್ಲಿ ಹೊಂದಿಸಿ ಪರೀಕ್ಷಿಸಿದ್ದು. ಬೆಂಗಳೂರಿನ ನಿಮ್ಹಾನ್ಸ್‌ನವರೂ ಅದರಲ್ಲಿ ಇದ್ದಾರೆ. ಎಸಿಇ-3 ಅದರ ಒಂದು ಭಾಗ. ಮುಖ್ಯವಾಗಿ ಮರೆವಿನ ಕಾಯಿಲೆ ಗುರುತಿಸಲು ಮಾಡಿದ್ದಾದರೂ ಸ್ಟ್ರೋಕ್ ಆದವರಿಗೂ ನಾನು ಇದನ್ನು ನೆಚ್ಚಿಕೊಂಡಿದ್ದೇನೆ. ಅಫೇಸಿಯಾ ಇರುವವರಿಗೆ ಮಾತ್ರ ಇದೂ ಬೇಡ, ಮಾತಿನ ಭಾರ ಇದರಲ್ಲೂ ಜಾಸ್ತಿ. ಸಮಯ ಇಲ್ಲ ಅಂದರೆ ಇದರದೇ ಚಿಕ್ಕ ರೂಪ ಮಿನಿ-ಎಸಿಇ ಇದೆ, 30 ಅಂಕದ್ದು.

ಶಾಲೆಗೆ ಹೋಗದವರ ವಿಷಯ ಬೇರೆ. ನಮ್ಮಲ್ಲಿ ಬರುವ ಅಜ್ಜ ಅಜ್ಜಿಯರಲ್ಲಿ ಇಂಥವರೇ ಬಹಳ. ಗಡಿಯಾರದ ಚಿತ್ರ ಬಿಡಿಸಿ ಅಂದರೆ ಪೆನ್ಸಿಲ್ ಹಿಡಿಯುವುದೇ ಮೊದಲ ಸಲ. ಇವತ್ತು ತಾರೀಖು ಎಷ್ಟು ಅಂತ ಟಿ. ನರಸೀಪುರದ ಕಡೆಯ ಒಬ್ಬ ಅಜ್ಜಿಯನ್ನು ಕೇಳಿದೆ. "ತಾರೀಕ್ ಯಾವೋಳ್ ನೋಡ್ತಾಳೆ, ನಾಳಿದ್ದು ಅಮಾಸೆ, ಇವತ್ತು ಸ್ವಾಮಾರ" ಅಂದರು. ಕ್ಯಾಲೆಂಡರ್ ನೋಡಿದೆ. ಸರಿಯಾಗಿತ್ತು. ತಾರೀಖಿಗೆ ಸೊನ್ನೆ ಕೊಡಬೇಕು ಅನ್ನುತ್ತದೆ ಹಾಳೆ. ಆದರೆ ಕಾಲದ ಪರಿವೆ ಆ ಅಜ್ಜಿಗೆ ನನಗಿಂತ ಚೆನ್ನಾಗಿತ್ತು. ಇದೇ ಕಷ್ಟ ನೋಡಿ 1995ರಲ್ಲಿ ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ, ಓದು ಬರಹ ಬಾರದ ಹಿರಿಯರಿಗಾಗಿ ಎಂಎಂಎಸ್‌ಇಯನ್ನು ತಿದ್ದಿ ಹಿಂದಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್ ಮಾಡಿದರು. ಒಳ್ಳೆಯ ಕೆಲಸ. ಆದರೂ ಯೋಜನೆ, ನೆಗ್ಲೆಕ್ಟ್ ವಿಷಯದಲ್ಲಿ ಮೂಲದ ಕೊರತೆ ಹಾಗೇ ಉಳಿದಿದೆ.

ಹಾಗಾಗಿ ನಾನು ರುಡಾಸ್ ಕಡೆ ವಾಲುತ್ತೇನೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬೇರೆ ಬೇರೆ ದೇಶದಿಂದ ಬಂದ, ಬೇರೆ ಬೇರೆ ಭಾಷೆಯ ಹಿರಿಯರಿಗಾಗಿ 2004ರಲ್ಲಿ ಮಾಡಿದ್ದು. 30 ಅಂಕ, 22 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ. ಅಂಗಡಿಯಿಂದ ತರುವ ಸಾಮಾನು ನೆನಪಿಡುವುದು, ರಸ್ತೆ ದಾಟುವಾಗ ಏನು ನೋಡಬೇಕು ಅಂತ ಹೇಳುವುದು, ಎಡ ಬಲ ತೋರಿಸುವುದು, ಪ್ರಾಣಿಗಳ ಹೆಸರು ಹೇಳುವುದು. ಪಾಠ ಕೇಳಿದ ಹಾಗೆ ಅನ್ನಿಸುವುದಿಲ್ಲ, ಮಾತಾಡಿಸಿದ ಹಾಗೆ ಇರುತ್ತದೆ. ಅಜ್ಜಿಯರು ಗಾಬರಿ ಇಲ್ಲದೆ ಉತ್ತರ ಕೊಡುತ್ತಾರೆ. ಆದರೆ ಸ್ಟ್ರೋಕ್ ಆದವರಿಗೆ ಒಂದು ತೊಡಕಿದೆ. ಎರಡೂ ಕೈ ಸೇರಿಸಿ ಮಾಡುವ ಒಂದು ಭಾಗ ಇದೆ. ಒಂದು ಕೈ ಬಿದ್ದುಹೋಗಿದ್ದರೆ ಅಲ್ಲಿ ಅಂಕ ಹೋಗುತ್ತದೆ, ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ವರದಿಯಲ್ಲಿ ಬಿಡಿಸಿ ಬರೆಯಲೇಬೇಕು.

ಮಿನಿ-ಕಾಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ಪದ, ಒಂದು ಗಡಿಯಾರ, ಮೂರು ನಿಮಿಷ, 5 ಅಂಕ. ಜನ ತುಂಬಿದ ಓಪಿಡಿಯಲ್ಲಿ ಏನೂ ಮಾಡದೆ ಇರುವುದಕ್ಕಿಂತ ವಾಸಿ. ನೆಗ್ಲೆಕ್ಟ್ ಇದ್ದವರು ಗಡಿಯಾರದ ಅಂಕಿಗಳನ್ನೆಲ್ಲ ಬಲಗಡೆಗೆ ತುರುಕುವುದು ಎದ್ದು ಕಾಣುತ್ತದೆ.

ಯಾವ ಹಾಳೆ ಅನ್ನುವಷ್ಟೇ ಹೇಗೆ ಮಾಡುತ್ತಾರೆ ಅನ್ನುವುದೂ ಮುಖ್ಯ. ವಾರ್ಡಿನಲ್ಲಿ ಪಕ್ಕದ ಮಂಚದವರು ಫೋನಲ್ಲಿ ಕೂಗುತ್ತಿರುತ್ತಾರೆ. ರೋಗಿಯ ಕನ್ನಡಕ ಮನೆಯಲ್ಲಿರುತ್ತದೆ. ಹಿಯರಿಂಗ್ ಏಡ್ ಹಾಕಿರುವುದಿಲ್ಲ. ಹಿಂದಿನ ರಾತ್ರಿ ನಿದ್ದೆ ಇರುವುದಿಲ್ಲ. ಹಾಸಿಗೆಯ ತಲೆಯ ಹತ್ತಿರ ನಿಂತ ಮಗ ಉತ್ತರವನ್ನು ತುಟಿ ಅಲ್ಲಾಡಿಸಿ ಹೇಳಿಕೊಡುತ್ತಾನೆ. ಪ್ರೀತಿಯಿಂದಲೇ ಮಾಡುವುದು, ಅಪ್ಪ ಫೇಲಾಗಬಾರದು ಅಂತ. ಆದರೆ ಆ ಅಂಕದಿಂದ ಅಪ್ಪನಿಗೆ ಸಿಗಬೇಕಾದ ಥೆರಪಿ ತಪ್ಪುತ್ತದೆ. ಮಾಡುವವರು ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ಸುಮ್ಮನಿರಿ ಅಂತ ಮೊದಲೇ ಹೇಳಬೇಕು. ಭಾಷೆಯೂ ಅಷ್ಟೇ. ಮೈಸೂರಿನಲ್ಲಿ ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವವರು ಬೇಕಾದಷ್ಟು ಜನ. ಹೊರಗೆ ಸೊಗಸಾಗಿ ಕನ್ನಡ ಆಡುತ್ತಾರೆ, ಎಣಿಸುವುದು ಮಾತ್ರ ಮನೆ ಭಾಷೆಯಲ್ಲಿ. ನಿಮ್ಮ ಮನೆಯವರು ಯಾವ ಭಾಷೆಯಲ್ಲಿ ದುಡ್ಡು ಎಣಿಸುತ್ತಾರೆ ಅಂತ ಮೊದಲೇ ಹೇಳಿಬಿಡಿ.

ಮೊದಲ ಕೆಲವು ದಿನ ರೋಗಿ ಗೊಂದಲದಲ್ಲಿದ್ದರೆ, ಬೆಳಿಗ್ಗೆ ಸರಿ ಇದ್ದು ಸಂಜೆ ಯಾರನ್ನೂ ಗುರುತಿಸದಿದ್ದರೆ, ಅದು ಡೆಲಿರಿಯಮ್ ಇರಬಹುದು. ಸೋಂಕು, ರಕ್ತದಲ್ಲಿ ಉಪ್ಪಿನ ಅಂಶದ ಏರುಪೇರು, ಔಷಧಿ, ಏನಾದರೂ ಕಾರಣ ಇರುತ್ತದೆ, ಡಾಕ್ಟರಿಗೆ ತಕ್ಷಣ ಹೇಳಬೇಕು. ಅದನ್ನು ಹಿಡಿಯೋಕೆ 4ಎಟಿ ಅಂತ ಎರಡು ನಿಮಿಷದ ಪುಕ್ಕಟೆ ಪರೀಕ್ಷೆ ಇದೆ, ಎಡಿನ್‌ಬರಾದಿಂದ ಬಂದದ್ದು. 4 ಅಥವಾ ಜಾಸ್ತಿ ಬಂದರೆ ಡೆಲಿರಿಯಮ್ ಸಂಶಯ. ಆ ಸ್ಥಿತಿಯಲ್ಲಿ ಮೋಕಾ ಮಾಡಿ ಅಂಕ ಬರೆದಿಟ್ಟರೆ ಅದಕ್ಕೆ ಅರ್ಥವೇ ಇಲ್ಲ. ಮನಸ್ಸು ಕುಗ್ಗಿದ್ದರೂ ಅಂಕ ಬೀಳುತ್ತದೆ. ಸ್ಟ್ರೋಕ್ ಆದಮೇಲೆ ಖಿನ್ನತೆ ಸಾಮಾನ್ಯ. ಪ್ರತಿ ಪ್ರಶ್ನೆಗೂ "ಗೊತ್ತಿಲ್ಲ, ಬಿಡಿ" ಅನ್ನುವವರಿಗೆ ಮೊದಲು ಆ ಕಡೆ ಚಿಕಿತ್ಸೆ ಬೇಕು.

ಯಾವ ಹಾಳೆ ಬಳಸಿದರೂ ನಾನು ಬಿಡದೆ ಮಾಡುವ ಕೆಲಸ ಎರಡಿವೆ. ಮನೆಯವರನ್ನು ಬೇರೆ ಕೂರಿಸಿಕೊಂಡು ಸ್ಟ್ರೋಕ್‌ಗೆ ಮುಂಚೆ ಹೇಗಿದ್ದರು ಅಂತ ಕೇಳುತ್ತೇನೆ. ಇದಕ್ಕೆ ಐಕ್ಯೂಕೋಡ್ ಅನ್ನುವ 16 ಪ್ರಶ್ನೆಗಳ ಪಟ್ಟಿ ಇದೆ. ಹತ್ತು ವರ್ಷದ ಹಿಂದಕ್ಕೆ ಹೋಲಿಸಿ ಈಗ ಹೇಗೆ ಅಂತ ಹತ್ತಿರದವರು ಹೇಳಬೇಕು. ಎಷ್ಟೋ ಸಲ ಮರೆವು ಸ್ಟ್ರೋಕ್‌ಗೆ ಮೊದಲೇ ಶುರುವಾಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಇನ್ನೊಂದು, ಅವರು ದಿನಾ ಮಾಡುತ್ತಿದ್ದ ಒಂದು ಕೆಲಸವನ್ನು ನನ್ನ ಕಣ್ಣೆದುರು ಮಾಡಿಸುತ್ತೇನೆ. ಕಾಫಿ ಬೆರೆಸುವುದು, ಮಾತ್ರೆ ಡಬ್ಬಿ ತುಂಬುವುದು, ಫೋನಲ್ಲಿ ಕರೆಂಟ್ ಬಿಲ್ ಕಟ್ಟುವುದು. ಮೋಕಾದಲ್ಲಿ 27 ತಗೊಂಡ ಒಬ್ಬ ನಿವೃತ್ತ ಮೇಷ್ಟ್ರು ಡಿಕಾಕ್ಷನ್ ಸೋಸಿಟ್ಟು, ಹಾಲು ಕಾಯಿಸಿಟ್ಟು, ಎರಡನ್ನೂ ಸೇರಿಸುವುದು ಬಿಟ್ಟು ಲೋಟಕ್ಕೆ ಸಕ್ಕರೆ ಹಾಕುತ್ತಲೇ ಇದ್ದರು. ಯಾವ ಹಾಳೆಯೂ ನನಗೆ ಅದನ್ನು ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಮಾಡಿದ ಅಂಕವನ್ನೇ ಹಿಡಿದುಕೊಂಡು ಕೂರಬೇಡಿ. ಮೂರು ತಿಂಗಳು, ಆರು ತಿಂಗಳಿಗೆ ಮತ್ತೆ ಮಾಡಿಸಿ. ಮೊದಲ ಆರು ತಿಂಗಳಲ್ಲಿ ಸುಧಾರಣೆ ಜಾಸ್ತಿ ಕಾಣುತ್ತದೆ, ಸಣ್ಣ ತೊಂದರೆ ಇದ್ದ ಕೆಲವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಇದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯೋಜನೆಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆದಿದ್ದಾರೆ. ಅಲ್ಲಿ ಮೊದಲು ಕೇಳಿ ನೋಡಿ.

ಇತ್ತೀಚೆಗೆ ಈ ಹಾಳೆಗಳನ್ನು ಬೇರೆ ಕೆಲಸಕ್ಕೂ ಬಳಸುತ್ತಿದ್ದಾರೆ, ಅದು ನನಗೆ ತುಂಬಾ ನೋವು ಕೊಡುತ್ತದೆ. ಜಮೀನಿನ ಪಾಲು ಆಗಬೇಕು, ಅಪ್ಪನಿಗೆ ಬುದ್ಧಿ ಸರಿ ಇಲ್ಲ ಅಂತ ಒಂದು ಅಂಕ ಬರೆದುಕೊಡಿ ಅಂತ ಒಬ್ಬ ಮಗ ಬರುತ್ತಾನೆ. ಸರಿ ಇದೆ ಅಂತ ಬರೆದುಕೊಡಿ ಅಂತ ಇನ್ನೊಬ್ಬ. ಗಾಡಿ ಓಡಿಸಬಹುದಾ ಅಂತಲೂ ಇದೇ ಹಾಳೆ ನೋಡಿ ಹೇಳಿ ಅನ್ನುತ್ತಾರೆ. ಹತ್ತು ನಿಮಿಷದ ಪರೀಕ್ಷೆ ಇದ್ಯಾವುದನ್ನೂ ತೀರ್ಮಾನಿಸುವುದಿಲ್ಲ. ಮುಂದೆ ಏನು ತಪಾಸಣೆ ಬೇಕು ಅಂತ ತೋರಿಸುವುದಷ್ಟೇ ಅದರ ಕೆಲಸ. ಅಫೇಸಿಯಾ ಇರುವ ಒಬ್ಬರು ಆಸ್ತಿ ಪತ್ರದಲ್ಲಿ ಬರೆದಿದ್ದನ್ನು ಒಪ್ಪುತ್ತಾರಾ ಇಲ್ಲವಾ ಅಂತ ತಿಳಿಯಬೇಕಾದರೆ ಚಿತ್ರ, ಸನ್ನೆ, ಹೌದು ಇಲ್ಲ ಕಾರ್ಡು ಇಟ್ಟುಕೊಂಡು, ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ ಕೇಳಬೇಕು. ನಾನು ವರದಿಯ ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ: ಈ ಅಂಕವನ್ನು ಆಸ್ತಿ ಪತ್ರಕ್ಕಾಗಲೀ ಲೈಸೆನ್ಸ್‌ಗಾಗಲೀ ಬಳಸಬಾರದು. ನಿಮ್ಮವರ ಪರೀಕ್ಷೆ ಮಾಡಿದವರಿಗೂ ಹಾಗೇ ಬರೆದುಕೊಡಿ ಅಂತ ಕೇಳಿ. ಜೊತೆಗೆ ಯಾವ ಭಾಗದಲ್ಲಿ ಎಷ್ಟು ಬಂತು, ಯಾವ ಭಾಷೆಯಲ್ಲಿ ಮಾಡಿದರು, ಆವತ್ತು ಕನ್ನಡಕ ಹಾಕಿದ್ದರಾ, ಇವನ್ನೂ ಬರೆಸಿಕೊಳ್ಳಿ.